ಅಕ್ಕನ ಪಿಸ್ತೂಲಿನ ಖಾಲಿ ಗೆರೆ

ನನ್ನ ಅಕ್ಕ ಹಂಸಾಗೆ ಪಿಸ್ತೂಲಿನ ಹುಚ್ಚು ಹಿಡಿದದ್ದು ರಿಟೈರ್ ಆದ ಮೇಲೆ. ಬೇರೆಯವರ ಅಕ್ಕಂದಿರು ರಿಟೈರ್ ಆದರೆ ಸಹಸ್ರನಾಮದ ಗುಂಪು ಸೇರುತ್ತಾರೆ, ಇಲ್ಲವೇ ಮೊಮ್ಮಕ್ಕಳ ಡಬ್ಬಿಗೆ ಚಪಾತಿ ಸುತ್ತಿ ಕೊಡುತ್ತಾರೆ. ನಮ್ಮಕ್ಕ ನೂರೈವತ್ತು ವರ್ಷ ಹಳೆಯದೊಂದು ಪಿಸ್ತೂಲು ಕೊಂಡಳು. ನೆನೆಸಿಕೊಂಡರೆ ನನಗೆ ಈಗಲೂ ಮೈ ಉರಿಯುತ್ತದೆ. ಪಿಸ್ತೂಲು ಕೊಂಡಿದ್ದಕ್ಕಲ್ಲ, ಹೋದ ವಿಜಯದಶಮಿಯ ದಿನ ನಡೆದದ್ದಕ್ಕೆ.

ಅಕ್ಕ ಮೈಸೂರಿನಲ್ಲಿ ಓದಿ, ಸಿಡ್ನಿಯ ಆಸ್ಪತ್ರೆಗಳಲ್ಲಿ ಅರಿವಳಿಕೆ ಡಾಕ್ಟರಾಗಿ ಆಯುಷ್ಯ ಸವೆಸಿದವಳು. ಬೆಳಿಗ್ಗೆ ಟೆಕ್ನಿಷಿಯನ್ ಮೆಷಿನ್ನನ್ನು ನೋಡಿ ಸರಿಯಿದೆ ಎಂದಿದ್ದರೂ ತಾನೇ ಮತ್ತೊಮ್ಮೆ ಪೈಪು ಪೈಪು ಮುಟ್ಟಿ ನೋಡುತ್ತಿದ್ದಳಂತೆ. "ಬೇರೆಯೋರು ನೋಡಿದ್ದು ನೋಡಿದ್ದಲ್ಲ ಕಣೇ" ಅನ್ನುವುದು ಅವಳ ಮಾತು. ಈ ಬುದ್ಧಿಯವಳನ್ನು ಜೊತೆ ಕೆಲಸ ಮಾಡಿದ್ದ ಸರ್ಜನ್ ಒಬ್ಬ ಒಂದು ಭಾನುವಾರ ತನ್ನ ಕ್ಲಬ್ಬಿಗೆ ಕರೆದುಕೊಂಡು ಹೋದ. ಅಲ್ಲಿ ಮುದುಕರು ಹಳೇ ಕಾಲದ ಪಿಸ್ತೂಲುಗಳ ಬಾಯಿಂದಲೇ ಮದ್ದು ಸುರಿದು, ಗುಂಡು ಜಡಿದು, ಗುರಿಯ ಕಾಗದಕ್ಕೆ ಹೊಡೆಯುವುದನ್ನು ನೋಡಿದಳು. ನೋಡಿ, ಅಲ್ಲೇ ಸಿಕ್ಕಿಬಿದ್ದಳು.

ಒಂದು ಸಲ ಸಿಡ್ನಿಗೆ ಹೋದಾಗ ನಾನೂ ಕೂತು ನೋಡಿದೆ. ಒಂದೊಂದು ಗುಂಡಿಗೆ ಬೇಕಾದ ಕರಿ ಮದ್ದನ್ನು ಮೊದಲೇ ಅಳೆದು ಪುಟ್ಟ ಗಾಜಿನ ಶೀಶೆಗಳಲ್ಲಿ ತುಂಬಿಟ್ಟುಕೊಂಡಿರುತ್ತಾಳೆ. ದೊಡ್ಡ ಡಬ್ಬಿಯಿಂದ ನೇರವಾಗಿ ಸುರಿಯುವಂತಿಲ್ಲ. ಪಿಸ್ತೂಲಿನೊಳಗೆ ಹಿಂದಿನ ಗುಂಡಿನ ಕಿಡಿಯೊಂದು ಉಳಿದಿದ್ದರೆ ಡಬ್ಬಿಗೆ ಡಬ್ಬಿಯೇ ಕೈಯಲ್ಲಿ ಸಿಡಿಯುತ್ತದೆ. ಮದ್ದಾದ ಮೇಲೆ ಎಣ್ಣೆ ಸವರಿದ ಬಟ್ಟೆಯ ಬಿಲ್ಲೆ, ಅದರ ಮೇಲೆ ಸೀಸದ ಗುಂಡು, ಆಮೇಲೆ ಕೋಲಿನಿಂದ ಜಡಿಯುವುದು. ಗುಂಡಿಗೂ ಮದ್ದಿಗೂ ನಡುವೆ ಜಾಗ ಉಳಿದರೆ ಪಿಸ್ತೂಲಿನ ನಳಿಗೆಯೇ ಒಡೆಯಬಹುದಂತೆ. ಅದಕ್ಕೇ ಕೋಲಿನ ಮೇಲೆ ಎರಡು ಗೆರೆ ಕೊರೆದಿದ್ದಾಳೆ. ನಳಿಗೆ ಖಾಲಿ ಇದ್ದಾಗ ಒಂದು ಗೆರೆ ಬಾಯಿಯ ಅಂಚಿಗೆ ಬಂದು ನಿಲ್ಲಬೇಕು, ತುಂಬಿದಾಗ ಇನ್ನೊಂದು. ಬೆಂಕಿ ಹತ್ತಿಸುವ ಕೇಪನ್ನು ಹಾಕುವುದು ಕಟ್ಟಕಡೆಗೆ, ಪಿಸ್ತೂಲಿನ ಬಾಯಿ ಗುರಿಯ ಕಡೆಗೆ ತಿರುಗಿದ ಮೇಲೆ. ಇಷ್ಟು ಹೊತ್ತೂ ಯಾರು ಮಾತಾಡಿಸಿದರೂ ಅವಳು ಕಿವುಡಿ. ನಾನು "ಕಾಫಿ ಕುಡೀತೀಯಾ?" ಅಂತ ಕೇಳಿದ್ದಕ್ಕೆ ಎಮ್ಮೆಯ ಮೇಲೆ ಮಳೆ ಸುರಿದ ಹಾಗೆ ನಿಂತಿದ್ದಳು.

ಹೋದ ವರ್ಷ ರಾಷ್ಟ್ರೀಯ ಪಂದ್ಯ ನಡೆದದ್ದು ನಮ್ಮ ಮೆಲ್ಬರ್ನ್‌ನಲ್ಲಿ, ನಾನಿರುವ ವೆರಿಬೀಯಿಂದ ಮುಕ್ಕಾಲು ಗಂಟೆಯ ದಾರಿ. ಅಲ್ಲಿ ಚೆನ್ನಾಗಿ ಹೊಡೆದವರಿಗೆ ಆಸ್ಟ್ರೇಲಿಯಾದ ತಂಡದಲ್ಲಿ ಜಾಗ. ಅಕ್ಕ ಪ್ರತಿ ಸಲವೂ ಕೂದಲೆಳೆಯಲ್ಲಿ ಕಳೆದುಕೊಂಡವಳು. ಈ ಸಲ ಹಿಂದಿನ ಪಂದ್ಯಗಳಲ್ಲಿ ಅವಳ ಅಂಕಗಳು ಎಲ್ಲರಿಗಿಂತ ಮೇಲಿದ್ದವು. ಹಿಂದಿನ ದಿನ ಸಂಜೆಯ ಫ್ಲೈಟಿನಲ್ಲಿ ಬಂದು, ಪಿಸ್ತೂಲನ್ನು ಕ್ಲಬ್ಬಿನ ಸೇಫಿನಲ್ಲಿಟ್ಟು ನಮ್ಮ ಮನೆಗೆ ಬಂದಳು. ಕಾಫಿ ಕೊಟ್ಟೆ. ಸಾಸರಿನ ಮೇಲೆ ಕಪ್ಪು ಟಕಟಕ ಅನ್ನತೊಡಗಿತು.

"ಅಕ್ಕಾ, ಏನೇ ಇದು ಕೈ ಹೀಗೆ ನಡುಗ್ತಿದೆ?"

"ಡಾಕ್ಟರಿಗೆ ತೋರಿಸಿದೀನಿ. ಜಾಸ್ತಿ ಆಗ್ತಾ ಹೋಗತ್ತಂತೆ. ಪಿಸ್ತೂಲ್ ಹಿಡಿದಾಗ ಉಸಿರು ಕಟ್ಟಿದ್ರೆ ಇನ್ನೂ ನಿಲ್ಲತ್ತೆ. ಮುಂದಿನ ವರ್ಷಕ್ಕೆ ನಿಲ್ಲಲ್ಲ. ಇದೇ ಕೊನೇದು ಕಣೇ." ಕಪ್ಪನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. "ನಿಮ್ಮ ಭಾವಂಗೆ ಹೇಳ್ಬೇಡ. ಗೊತ್ತಾದ್ರೆ ಇವತ್ತೇ ಎಲ್ಲಾ ನಿಲ್ಲಿಸಿಬಿಡ್ತಾರೆ."

ಲಕ್ಷ್ಮೀನಾರಾಯಣ ಭಾವ ಒಳ್ಳೆಯವರೇ. ಯೂನಿವರ್ಸಿಟಿಯಲ್ಲಿ ಪ್ರೊಫೆಸರ್ ಆಗಿದ್ದವರು. ಆದರೆ ಹಬ್ಬ ಬಂದರೆ ಸಾಕು, ಮೈಮೇಲೆ ಬಂದವರ ಹಾಗೆ ಆಡುತ್ತಾರೆ. ಅವತ್ತು ಬೆಳಿಗ್ಗೆ ಸಿಡ್ನಿಯ ಮನೆಯಲ್ಲಿ ಆಯುಧಪೂಜೆ. ಕಾರು, ಲಾನ್ ಮೂವರ್, ಲ್ಯಾಪ್‌ಟಾಪ್ ಎಲ್ಲಕ್ಕೂ ಕುಂಕುಮವಾದ ಮೇಲೆ, "ಮನೇಲಿರೋ ನಿಜವಾದ ಆಯುಧಕ್ಕೇ ಪೂಜೆ ಇಲ್ಲ ಅಂದ್ರೆ ಹೇಗೆ?" ಎಂದು ಪಟ್ಟು ಹಿಡಿದಿದ್ದರಂತೆ. ಲೈಸೆನ್ಸ್ ಇಲ್ಲದವರು ಪಿಸ್ತೂಲು ಮುಟ್ಟುವಂತಿಲ್ಲ ಎಂದು ಅಕ್ಕ ತಾನೇ ಹಿಡಿದುಕೊಂಡು ನಿಂತಿದ್ದಾಳೆ. ಭಾವ ಮಂತ್ರ ಹೇಳಿ, ಹಿಡಿಗೆ ಕುಂಕುಮವಿಟ್ಟು, ಹೂವು ಅಕ್ಷತೆ ಹಾಕಿದ್ದಾರೆ. ಅಕ್ಕ ಒರೆಸಿ, ಕೋಲು ಇಳಿಸಿ ನೋಡಿ ಪೆಟ್ಟಿಗೆಗೆ ಹಾಕೋಣವೆಂದು ಹೊರಟರೆ ಭಾವ ಬಿಟ್ಟಿಲ್ಲ. "ಪೂಜೆ ಮಾಡಿದ ಆಯುಧಾನ ದಶಮಿವರೆಗೂ ಕೆದಕಬಾರದು." ಏರ್‌ಪೋರ್ಟಿಗೆ ಹೊತ್ತಾಗುತ್ತಿತ್ತು, ಹಬ್ಬದ ದಿನ ಜಗಳ ಯಾಕೆಂದು ಅಕ್ಕ ಹಾಗೆಯೇ ಪೆಟ್ಟಿಗೆ ಮುಚ್ಚಿದಳು. ಆಯುಷ್ಯದಲ್ಲಿ ಅದೊಂದೇ ಸಲ ಅವಳು ನೋಡದೆ ಮುಚ್ಚಿದ್ದು.

ಮರುದಿನ ಬೆಳಿಗ್ಗೆ ಗುಂಡು ಹೊಡೆಯುವ ರೇಂಜಿನಲ್ಲಿ ಬಿಸಿಲು, ಜೊತೆಗೆ ಕೊರೆಯುವ ಗಾಳಿ. ಮದ್ದನ್ನು ವಿಮಾನದಲ್ಲಿ ತರುವಂತಿಲ್ಲವಾದ್ದರಿಂದ ಅಕ್ಕ ಅಲ್ಲಿಯ ಸ್ನೇಹಿತರಿಂದ ತೆಗೆದುಕೊಂಡು, ದೂರದ ಮೇಜಿನ ಮೇಲೆ ಒಂದೊಂದೇ ಶೀಶೆಗೆ ಅಳೆದು ತುಂಬಿಕೊಂಡಳು. ನಾನು ಹೊಡೆಯುವವರ ಸಾಲಿನ ಹಿಂದೆ ಫ್ಲಾಸ್ಕಿಟ್ಟುಕೊಂಡು ಕೂತೆ. ಪಂದ್ಯದ ಲೆಕ್ಕ ಸುಲಭ. ಅರ್ಧ ಗಂಟೆಯಲ್ಲಿ ಹದಿಮೂರು ಗುಂಡು, ಅದರಲ್ಲಿ ಒಳ್ಳೆಯ ಹತ್ತು ಲೆಕ್ಕಕ್ಕೆ.

ತಯಾರಿಗೆ ಕೊಟ್ಟ ಕೆಲವು ನಿಮಿಷಗಳಲ್ಲಿ ಅಕ್ಕ ಪಿಸ್ತೂಲು ತೆಗೆದು ಖಾಲಿ ನಳಿಗೆಗೆ ಕೋಲು ಇಳಿಸಿದಳು. ಹಾಗೆಯೇ ನಿಂತುಬಿಟ್ಟಳು. ಕೋಲನ್ನು ತೆಗೆದು ಮತ್ತೆ ಇಳಿಸಿದಳು. ಖಾಲಿ ಗೆರೆ ನಳಿಗೆಯ ಬಾಯಿಗೆ ಬರಲಿಲ್ಲ, ಒಂಚೂರು ಮೇಲೆಯೇ ನಿಂತಿತು. ನನಗಂತೂ ಕೂತಲ್ಲಿಂದ ಏನೂ ಕಾಣಲಿಲ್ಲ, ಆಮೇಲೆ ಅಕ್ಕ ಹೇಳಿದ್ದು. ಪಕ್ಕದ ಗಡ್ಡದವನು ಬಗ್ಗಿ ನೋಡಿ ಇಂಗ್ಲಿಷಿನಲ್ಲಿ, "ಕೂದಲೆಳೆಯಷ್ಟು ತಾನೇ, ಏನಾಗಲ್ಲ, ತುಂಬು" ಅಂದ. ಅಕ್ಕ ತಲೆಯಾಡಿಸಿ ರೇಂಜ್ ಆಫೀಸರನ್ನು ಕರೆದಳು. ಒಳಗೆ ಏನೋ ಇದೆ, ಏನೆಂದು ಗೊತ್ತಿಲ್ಲ, ಗೊತ್ತಾಗುವವರೆಗೆ ಮದ್ದು ಹಾಕುವುದಿಲ್ಲ ಎಂದಳು. ಅವನು ಕ್ಲೀನಿಂಗ್ ಬೆಂಚಿಗೆ ಕಳಿಸಿದ. ಅಷ್ಟರಲ್ಲಿ ಸೀಟಿ ಕೂಗಿತು, ಅರ್ಧ ಗಂಟೆ ಓಡತೊಡಗಿತು.

ಕೋಲಿನ ತುದಿಗೆ ಬಟ್ಟೆ ಸುತ್ತಿ ತಿರುಗಿಸಿದಳು. ಬರೀ ಹಳದಿ ಜಿಡ್ಡು ಬಂತು. ಕೇಪು ಕೂರುವ ಮೊಳೆಯನ್ನು ಬಿಚ್ಚಿ ಮತ್ತೆ ತಿರುಗಿಸಿದಳು, ಗೆರೆ ಅಲ್ಲೇ. ಅತ್ತ ಸಾಲಿನಲ್ಲಿ ಢಂ ಢಂ ಎಂದು ಗುಂಡುಗಳು ಹಾರುತ್ತಿದ್ದವು, ಹೊಗೆ ಏಳುತ್ತಿತ್ತು. ನನಗೆ ತಡೆಯಲಾಗಲಿಲ್ಲ, ಬೆಂಚಿನ ಹತ್ತಿರ ಹೋದೆ.

"ಅಕ್ಕಾ, ಒಂದ್ ಚೂರು ಜಿಡ್ಡಿಗೆ ಯಾಕೆ ಹೀಗಾಡ್ತೀಯಾ? ಹೊಡೆದ್ರೆ ತಾನೇ ಹೋಗತ್ತೆ. ಟೈಮ್ ಹೋಗ್ತಿದೆ ಕಣೇ!"

"ಜಿಡ್ಡೇ ಅಂತ ನಿಂಗೆ ಹೇಗ್ಗೊತ್ತು?" ತಲೆಯೆತ್ತಲಿಲ್ಲ. "ಫ್ಲಾಸ್ಕಲ್ಲಿ ಬಿಸಿನೀರಿದ್ಯಾ?"

ಟೀಗೆಂದು ತಂದಿದ್ದ ನೀರನ್ನು ನಳಿಗೆಗೆ ಸುರಿದು, ಬಟ್ಟೆ ಹಾಕಿ ತಿರುಗಿಸಿ ಎಳೆದಳು. ತುಪ್ಪದ ವಾಸನೆ ಬಂತು. ಬಟ್ಟೆಯ ಮಡಿಕೆಯಲ್ಲಿ ಅರಿಶಿನದ ಬಣ್ಣದ ಒಂದು ಅಕ್ಕಿಕಾಳು. ಭಾವನ ಅಕ್ಷತೆ. ತುಪ್ಪದಲ್ಲಿ ಕಲಸಿದ್ದು ನಳಿಗೆಯ ತಳಕ್ಕೆ ಹೋಗಿ ಅಂಟಿಕೊಂಡು, ಚಳಿಗೆ ಗಟ್ಟಿಯಾಗಿ ಕೂತಿತ್ತು.

ಅಕ್ಕ ಅದನ್ನೇ ನೋಡಿದಳು. "ಮೂತಿ ದೇವರ ಕಡೆ ಹಿಡಿಯೋ ಹಾಗಿಲ್ಲ, ಅವರ ಕಡೆ ಹಿಡಿಯೋ ಹಾಗಿಲ್ಲ ಅಂತ ಮೇಲೆ ಮಾಡಿ ಹಿಡ್ಕೊಂಡಿದ್ದೆ ಕಣೇ" ಅಂದಳು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುತ್ತಾರಲ್ಲ, ಆ ಪೂಜಾರಿ ಆಗ ಎದುರಿಗಿದ್ದಿದ್ದರೆ ನಾನು ಏನು ಮಾಡುತ್ತಿದ್ದೆನೋ.

ನೀರು ಹೋದ ನಳಿಗೆಗೆ ಒಣಗದೆ ಮದ್ದು ಹಾಕುವಂತಿಲ್ಲ. ಬಟ್ಟೆಯ ಮೇಲೆ ಬಟ್ಟೆ ಹಾಕಿ ಒರೆಸಿದಳು. ಮೊಳೆ ತಿರುಗಿಸಿ ಕೂರಿಸಿ, ಸಾಲಿಗೆ ಹೋಗಿ, ಖಾಲಿ ಪಿಸ್ತೂಲಿಗೆ ಕೇಪು ಹಾಕಿ ಹುಲ್ಲಿನ ಮೇಲೆ ಹಾರಿಸಿದಳು. ಹುಲ್ಲು ಅಲ್ಲಾಡಿದರೆ ದಾರಿ ತೆರೆದಿದೆ ಎಂದರ್ಥ. ಮೊದಲ ಸಲ ಅಲ್ಲಾಡಲಿಲ್ಲ. ಮತ್ತೊಂದು ಹಾಕಿದಳು, ಅಲ್ಲಾಡಿತು. ಕೋಲು ಇಳಿಸಿದಳು, ಗೆರೆ ಬಾಯಿಗೆ ಸರಿಯಾಗಿ ಬಂತು. ಆಮೇಲಷ್ಟೇ ಮದ್ದಿನ ಮೊದಲ ಶೀಶೆ ಕೈಗೆತ್ತಿಕೊಂಡಳು. ಅರ್ಧಕ್ಕಿಂತ ಹೆಚ್ಚು ಹೊತ್ತು ಹೋಗಿಯಾಗಿತ್ತು.

ಈಗಲಾದರೂ ಬೇಗ ಬೇಗ ತುಂಬುತ್ತಾಳೆ ಅಂದುಕೊಂಡೆ. ಎಲ್ಲಿ! ಮದ್ದು, ಬಿಲ್ಲೆ, ಗುಂಡು, ಕೋಲು, ಗೆರೆ, ಕೇಪು. ಅದೇ ನಿಧಾನ. ನಾನು ಹಲ್ಲು ಕಚ್ಚಿಕೊಂಡು ಸೆರಗು ಹಿಂಡುತ್ತ ಕೂತೆ. ಆರನೆಯ ಗುಂಡು ಹಾರಿತು. ಏಳನೆಯದಕ್ಕೆ ಮದ್ದಿನ ಶೀಶೆ ಎತ್ತುವ ಹೊತ್ತಿಗೆ ಸೀಟಿ ಕೂಗಿತು. ಅಕ್ಕ ಶೀಶೆಯನ್ನು ಮತ್ತೆ ಅದರ ಜಾಗಕ್ಕೆ ಇಟ್ಟಳು.

ಗುರಿಯ ಕಾಗದ ಬಂದಾಗ ನೋಡಿದರೆ ಆರೂ ನಟ್ಟನಡುವೆ, ಒಂದು ನಿಂಬೆಹಣ್ಣಿನಗಲದಲ್ಲಿ. ಗಡ್ಡದವನು ಟೋಪಿ ತೆಗೆದ. ಏನು ಪ್ರಯೋಜನ? ಹತ್ತು ಬೇಕಾದಲ್ಲಿ ಆರು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ತಂಡದ ಹೆಸರುಗಳಲ್ಲಿ ಅವಳದಿರಲಿಲ್ಲ.

ಬೆಂಚಿನ ಹತ್ತಿರ ಅಕ್ಕ ಪಿಸ್ತೂಲು ತೊಳೆದು ಒರೆಸುತ್ತಿರುವಾಗ ಭಾವನ ಫೋನು ಬಂತು. ಸ್ಪೀಕರ್ ಹಾಕಿ ಮೇಜಿನ ಮೇಲಿಟ್ಟೆ.

"ಏನಾಯ್ತು ಹಂಸಾ? ಸೆಲೆಕ್ಟ್ ಆದ್ಯಾ?"

"ಇಲ್ಲ ರೀ. ನಿಮ್ಮ ಅಕ್ಷತೆ ನಳಿಗೆ ಒಳಗೆ ಬಿದ್ದಿತ್ತು. ತೆಗೆಯೋದ್ರಲ್ಲೇ ಟೈಮ್ ಆಗೋಯ್ತು."

"ನೋಡಿದ್ಯಾ, ಏನೂ ಅನಾಹುತ ಆಗ್ಲಿಲ್ಲ. ದೇವರೇ ಕಾಪಾಡಿದ."

ಅಕ್ಕ ಯಾರ ಮೇಲೂ ಕೂಗಿದವಳಲ್ಲ. ಆಗ ಕೂಗಿದಳು. "ದೇವರಲ್ಲ ರೀ! ಕೋಲು! ಕೋಲಿನ ಮೇಲಿನ ಗೆರೆ! ನಿನ್ನೆ ನೋಡಕ್ಕೆ ಬಿಟ್ಟಿದ್ರೆ ಮನೇಲೇ ಗೊತ್ತಾಗ್ತಿತ್ತು!" ಅಲ್ಲಿದ್ದವರೆಲ್ಲ ತಿರುಗಿ ನೋಡಿದರು.

"ಅಯ್ಯೋ, ಅದಕ್ಯಾಕೆ ಇಷ್ಟು ಕೋಪ? ಹೋಗ್ಲಿ ಬಿಡು. ಮುಂದಿನ ವರ್ಷ ಬರೀ ಕುಂಕುಮ ಇಡೋಣ."

ಅಕ್ಕ ಪೆಟ್ಟಿಗೆಗಿಡುವ ಮುಂಚೆ ಮತ್ತೊಮ್ಮೆ ಕೋಲನ್ನು ನಳಿಗೆಗೆ ಇಳಿಸಲು ನೋಡಿದಳು. ಅದು ಬಾಯಿಗೆ ಸಿಗದೆ ಕಬ್ಬಿಣದ ಅಂಚಿಗೆ ಬಡಿಯುತ್ತಲೇ ಇತ್ತು.

"ಅದೇನೇ ಅದು, ಟಕಟಕ ಸದ್ದು?" ಅಂದರು ಭಾವ.

ಅಕ್ಕ ನನ್ನ ಮುಖ ನೋಡಿದಳು. ಹೇಳಬೇಡವೆಂದು ಈ ಸಲ ತಡೆಯಲಿಲ್ಲ.

"ಅದು ಅಕ್ಕನ ಕೈ, ಭಾವ" ಅಂದೆ.