ಬೀಗದೊಳಗಿನ ಪಂಪು

ಕುರುಗೋಡಿನ ಹತ್ತಿ ಗಿರಣಿಯಲ್ಲಿ ಬೆಂಕಿ ಬಿದ್ದರೆ ಬೇಕೆಂದು ತೆಗೆದಿಟ್ಟಿದ್ದ ಪಂಪನ್ನು ಉಗ್ರಾಣದ ಉಜ್ಜಿನಪ್ಪ ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಕಾಯುತ್ತಿದ್ದ. ಬಾಗಿಲಿಗೆ ಎರಡು ಬೀಗ. ಕೀಲಿಕೈ ಉಡಿದಾರದಲ್ಲಿ, ಜಳಕಕ್ಕೂ ಬಿಚ್ಚುತ್ತಿರಲಿಲ್ಲ. ಬೆಳಿಗ್ಗೆ ಮೊದಲು ಪಂಪಿಗೆ ವಿಭೂತಿ ಹಚ್ಚಿ, ಬೆರಳಲ್ಲಿ ಉಳಿದದ್ದನ್ನು ತನ್ನ ಹಣೆಗೆ ಬಳಿದುಕೊಳ್ಳುವನು. ಮಕ್ಕಳ ಜ್ವರಕ್ಕೆ ರಜೆ ಹಾಕದವನು ಪಂಪಿನ ಮೇಲೆ ತುಕ್ಕಿನ ಚುಕ್ಕೆ ಕಂಡ ದಿನ ಊಟ ಬಿಟ್ಟ. ಅದೇ ಗಿರಣಿಯಲ್ಲಿ ಹತ್ತಿ ಆರಿಸುತ್ತಿದ್ದ ಹೆಂಡತಿ ಚನ್ನವೀರಮ್ಮ, "ನನ್ನ ಒಂದಿನಾನರ ಹಿಂಗ ನೋಡಿಕೊಂಡೀರೇನ್ರಿ?" ಎಂದು ನಗುತ್ತಿದ್ದಳು. ಗಿರಣಿಯ ನೀರಿನ ಪೈಪುಗಳನ್ನೆಲ್ಲ ದೊಡ್ಡ ಅಳತೆಗೆ ಬದಲಿಸಿದ ವರ್ಷ ಫಿಟ್ಟರ್ ವಾಸುದೇವ ಬಂದು, "ಪಂಪಿನ ಬಾಯಿನೂ ಆ ಅಳತೀಗೆ ಬದಲಿ ಮಾಡಬೇಕ್ರಿ, ಬೀಗ ತಗೀರಿ" ಎಂದ. ಉಜ್ಜಿನಪ್ಪ ಬಾಗಿಲಿಗೆ ಅಡ್ಡ ನಿಂತ. "ಹೊಚ್ಚ ಹೊಸಾದು ಇದ್ದಂಗ ಐತಿ. ಬಿಚ್ಚಾಕ ಬಿಡಂಗಿಲ್ಲ, ನಡೀಲೇ!" ಅರಳೆಗೆ ಕಿಡಿ ಬಿದ್ದ ಮಧ್ಯಾಹ್ನ ಪಂಪು ಹಗ್ಗದ ಒಂದೇ ಎಳೆತಕ್ಕೆ ಗುಡುಗಿತು, ಆದರೆ ಅದರ ಹಳೆಯ ಬಾಯಿಗೆ ಹೊಸ ಪೈಪು ಕೂರಲಿಲ್ಲ. ಉಜ್ಜಿನಪ್ಪ ಎರಡನ್ನೂ ಎದೆಗವಚಿ ಒತ್ತಿ ಹಿಡಿದ. ನೀರೆಲ್ಲ ಅವನ ಮೇಲೇ ಚಿಮ್ಮಿತು. ಚನ್ನವೀರಮ್ಮನ ಹೆಣವನ್ನು ಅಂಗಳಕ್ಕೆ ತಂದು ಮಲಗಿಸಿದಾಗ, ಅಲ್ಲಿ ತೊಯ್ದು ತೊಪ್ಪೆಯಾಗಿದ್ದವನು ಅವನೊಬ್ಬನೇ.