ಒಂದು ಕೋಳಿಗೆ ಒಂದೇ ಗಟ್ಟಿ

ನಮ್ಮ ದೊಡ್ಡಮ್ಮ ಮೂವತ್ತೆರಡು ವರ್ಷ ತ್ಯಾಗ ಮಾಡಿದಳು. ಪ್ರತಿ ಭಾನುವಾರ, ಮಧ್ಯಾಹ್ನ ಒಂದೂವರೆಗೆ, ಊಟದ ಮೇಜಿನ ಹತ್ತಿರ, ಎಲ್ಲರೂ ನೋಡುವ ಹಾಗೆ.

ವಾರದ ಉಳಿದ ದಿನ ಹೊರಗಿನ ಕೋಣೆಯ ಕಿಟಕಿ ಪಕ್ಕ ಹೊಲಿಗೆ ಮಿಷನ್ ಮುಂದೆ ಕೂತು ಶಾಲೆ ಮಕ್ಕಳ ಯೂನಿಫಾರ್ಮ್ ಹೊಲಿಯುತ್ತಿದ್ದಳು. ನಮ್ಮ ಬೀದಿಯ ಅರ್ಧ ಮಕ್ಕಳ ಸೊಂಟದ ಅಳತೆ ಅವಳಿಗೆ ಬಾಯಿಪಾಠ. ಕೋಪ ಬಂದರೆ ಬೈಯುತ್ತಿರಲಿಲ್ಲ, ದಾರ ಪೋಣಿಸದ ಮಿಷನ್ನನ್ನು ಸುಮ್ಮನೆ ತುಳಿಯುತ್ತಿದ್ದಳು. ಆ ಸದ್ದು ಕೇಳಿದರೆ ಸಾಕು, ದೊಡ್ಡಪ್ಪ ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೊರಟುಬಿಡುತ್ತಿದ್ದರು. ಓದಲೆಂದು ಆ ಮನೆ ಸೇರಿ, ಕೆಲಸ ಸಿಕ್ಕ ಮೇಲೂ ಅಲ್ಲೇ ಉಳಿದುಕೊಂಡ ನಾನು ಇದನ್ನೆಲ್ಲ ಕಣ್ಣಾರೆ ಕಂಡವಳು.

ಭಾನುವಾರ ಕೋಳಿ ಸಾರು. ದೊಡ್ಡಪ್ಪನಿಗೆ ಒಂದು ಲೆಗ್ ಪೀಸ್, ಅವರ ಮಗನಿಗೆ, ಅಂದರೆ ನಮ್ಮ ಅಣ್ಣನಿಗೆ, ಇನ್ನೊಂದು. ನನಗೆ ಎದೆಯ ತುಂಡು. ಆಮೇಲೆ ದೊಡ್ಡಮ್ಮ ಪಾತ್ರೆಯ ತಳ ಕೆದಕಿ ಕತ್ತು, ಎರಡು ಪಾದ, ಲಿವರ್, ಗುಂಡಿಗೆ, ಕೊನೆಗೆ ಗಟ್ಟಿಯನ್ನು ತನ್ನ ತಟ್ಟೆಗೆ ಹಾಕಿಕೊಂಡು ನಿಟ್ಟುಸಿರು ಬಿಡುತ್ತಿದ್ದಳು.

"ನಂಗೇನು, ಉಳಿದಿದ್ದು ಯಾವುದಾದ್ರೂ ಆಗುತ್ತೆ."

ಗಟ್ಟಿ ಎಂದರೆ ಕೋಳಿಯ ಹೊಟ್ಟೆಯೊಳಗೆ ಕಾಳು ಅರೆಯುವ ಮಾಂಸದ ಚೀಲ. ಅಂಗಡಿಯಲ್ಲಿ ಅದನ್ನು ಗಿಜರ್ಡ್ ಅನ್ನುತ್ತಾರೆ. ಒಂದು ಕೋಳಿಗೆ ಒಂದೇ ಇರುತ್ತದೆ, ಇದನ್ನು ನೆನಪಿಟ್ಟುಕೊಳ್ಳಿ.

ಆ ನಿಟ್ಟುಸಿರಿನಿಂದ ದೊಡ್ಡಮ್ಮ ಗೆಲ್ಲದ ಜಗಳವಿಲ್ಲ. ಅಣ್ಣ ತಡವಾಗಿ ಮನೆಗೆ ಬಂದರೆ, "ಕತ್ತು ತಿಂದುಕೊಂಡು ನಿನ್ನ ಸಾಕಿದ್ದೀನಿ" ಅಂದರೆ ಮುಗಿಯಿತು, ಅವನು ತಲೆ ತಗ್ಗಿಸುತ್ತಿದ್ದ. ಫ್ಯಾನ್ ಯಾರ ಕಡೆ ತಿರುಗಬೇಕು, ಗೋಡೆಗೆ ಯಾವ ಬಣ್ಣ ಹೊಡೆಸಬೇಕು, ಎಲ್ಲ ಅವಳದೇ ತೀರ್ಮಾನ.

ನನಗೆ ಗುಟ್ಟು ತಿಳಿದದ್ದು ಒಂದು ಭಾನುವಾರ ಬೇಗ ಅಡುಗೆಮನೆಗೆ ಹೋದಾಗ. ಗಟ್ಟಿಯನ್ನು ಸೀಳಿ, ತೊಳೆದು, ಒಳಗಿನ ಹಳದಿ ಪೊರೆಯನ್ನು ಒಂದೇ ಎಳೆತಕ್ಕೆ ಹರಿಯದಂತೆ ಬಿಡಿಸುತ್ತಿದ್ದಳು. ಬಿಸಿನೀರಿಗೆ ಅದ್ದಿದ ಪಾದಗಳಿಂದ ಕಾಲುಚೀಲದ ಹಾಗೆ ಸಿಪ್ಪೆ ಜಾರುತ್ತಿತ್ತು. ಅವನ್ನು ಸಣ್ಣ ಉರಿಯಲ್ಲಿ ಒಂದು ಗಂಟೆ ಕುದಿಸಿ, ಆ ನೀರಿನಲ್ಲೇ ಉಳಿದ ತುಂಡು ಬೇಯಿಸುತ್ತಿದ್ದಳು. ನಾವು ತುಟಿಗೆ ಅಂಟುವ ಸಾರು ಚಪ್ಪರಿಸಿ ಲೆಗ್ ಪೀಸನ್ನು ಹೊಗಳುತ್ತಿದ್ದೆವು. ಹೆಸರು ತೊಡೆಗೆ, ಕೆಲಸವೆಲ್ಲ ಪಾದದ್ದು. ಗಟ್ಟಿಯನ್ನಂತೂ ಬೇರೆಯಾಗಿ ಹುರಿದು, ಸಾರಿಗೆ ಬಿಡುವ ಮುನ್ನ ಕಣ್ಣು ಮುಚ್ಚಿ ರುಚಿ ನೋಡುತ್ತಿದ್ದ ಅವಳ ಮುಖದಲ್ಲಿ ತ್ಯಾಗದ ಒಂದು ಗೆರೆಯೂ ಇರಲಿಲ್ಲ.

"ನಂಗೂ ಒಂಚೂರು ಕೊಡು ದೊಡ್ಡಮ್ಮ" ಅಂದೆ.

"ನಿನ್ನ ಹಲ್ಲಿಗೆ ಆಗಲ್ಲ ಬಿಡೇ" ಎಂದು ತಟ್ಟೆ ಮುಚ್ಚಿದಳು.

ಹೀಗೆ ಸುಖವಾಗಿ ತ್ಯಾಗ ಸಾಗುತ್ತಿದ್ದಾಗ ಅಣ್ಣನಿಗೆ ಮದುವೆಯಾಯಿತು. ಅತ್ತಿಗೆ ಆಸ್ಪತ್ರೆಯಲ್ಲಿ ನರ್ಸ್. ಮಾತ್ರೆ ನುಂಗದ ಎಷ್ಟೋ ಹಟಮಾರಿಗಳನ್ನು ದಾರಿಗೆ ತಂದ ಕೈ. ಮೊದಲ ಭಾನುವಾರವೇ ಸೌಟು ಅವಳ ಕೈಗೆ ಹೋಯಿತು.

"ಅತ್ತೆ, ಇಷ್ಟು ವರ್ಷ ನೀವು ಕಷ್ಟಪಟ್ಟಿದ್ದು ಸಾಕು. ಇನ್ಮೇಲೆ ಲೆಗ್ ಪೀಸ್ ನಿಮಗೆ. ಕತ್ತು, ಪಾದ ಎಲ್ಲ ನಾನು ತಿಂತೀನಿ."

ಅಣ್ಣ ತನ್ನ ಪಾಲಿನ ಲೆಗ್ ಪೀಸ್ ಬಿಟ್ಟುಕೊಟ್ಟು, ಹೆಂಡತಿಯನ್ನು ಹೆಮ್ಮೆಯಿಂದ ನೋಡಿದ. ದೊಡ್ಡಪ್ಪ ಕಣ್ಣೊರೆಸಿಕೊಂಡರು. ದೊಡ್ಡಮ್ಮನದು ಉಗುಳಲೂ ಆಗದ, ನುಂಗಲೂ ಆಗದ ಪಾಡು. 'ನನಗೆ ಗಟ್ಟಿಯೇ ಇಷ್ಟ' ಅಂದರೆ ಮೂವತ್ತೆರಡು ವರ್ಷದ ಮಾನ ಒಂದೇ ತುತ್ತಿಗೆ ಹೋಗುತ್ತದೆ. ಅನ್ನದಿದ್ದರೆ ಗಟ್ಟಿ ಹೋಗುತ್ತದೆ. ಕೊನೆಗೆ ಲೆಗ್ ಪೀಸ್ ತಿಂದಳು. ಸಂಜೆ ಮಿಷನ್ ದಾರವಿಲ್ಲದೆ ಓಡಿತು.

ಮುಂದಿನ ವಾರ ಹಲ್ಲುನೋವು ಅಂದಳು. ಅತ್ತಿಗೆ ಬಾಯಿ ತೆರೆಸಿ, ಟಾರ್ಚ್ ಬಿಟ್ಟು ನೋಡಿ, "ಏನೂ ಇಲ್ಲ ಅತ್ತೆ, ತಿನ್ನಿ" ಅಂದಳು. ಅದರ ಮುಂದಿನ ವಾರ ಲೆಗ್ ಪೀಸ್ ಉಷ್ಣ ಅಂದಳು. ಅತ್ತಿಗೆ ಥರ್ಮಾಮೀಟರ್ ತಂದಳು. ದೊಡ್ಡಮ್ಮನ ಸಂಕಟ ನೋಡಲಾಗುತ್ತಿರಲಿಲ್ಲ. ನಿಜ ಹೇಳಬೇಕೆಂದರೆ, ನಾನು ಬಹಳ ಖುಷಿಯಿಂದ ನೋಡುತ್ತಿದ್ದೆ.

ಕೊನೆಗೊಂದು ಭಾನುವಾರ ಬೆಳಿಗ್ಗೆ ದೊಡ್ಡಮ್ಮ ನನ್ನನ್ನು ಕರೆದುಕೊಂಡು ತಾನೇ ಕೋಳಿ ಅಂಗಡಿಗೆ ಹೊರಟಳು. ಕೋಳಿ ತೂಗಿಸಿದ ಮೇಲೆ ದನಿ ತಗ್ಗಿಸಿ, "ಬರೀ ಗಿಜರ್ಡ್ ಒಂದಿಷ್ಟು ಬೇರೆ ಇದ್ರೆ ಕೊಡಪ್ಪ" ಅಂದಳು.

ಅಂಗಡಿಯವನು ಚಾಕು ಒರೆಸುತ್ತ ನಕ್ಕ. "ಎಲ್ಲಿ ಉಳಿಯುತ್ತಮ್ಮ? ಪ್ರತಿ ಶನಿವಾರ ಡ್ಯೂಟಿಗೆ ಹೋಗೋವಾಗ ನಿಮ್ಮ ಸೊಸೆನೇ ಇದ್ದಬದ್ದದ್ದೆಲ್ಲ ಬಳ್ಕೊಂಡು ಹೋಗ್ತಾರೆ. ಆಸ್ಪತ್ರೇಲಿ ಹುರ್ಕೊಂಡು ತಿಂತಾರಂತೆ. ಮನೇಲಿ ಹೇಳ್ಬೇಡಿ ಅಂದಿದ್ರು" ಎಂದವನು, ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡ.

ದೊಡ್ಡಮ್ಮ ಕೋಳಿಯ ಚೀಲ ಹಿಡಿದು ಸರಸರ ಮನೆಯ ಕಡೆ ನಡೆದಳು. ಇವತ್ತು ಮನೆಯಲ್ಲಿ ಮಹಾಯುದ್ಧ ಅಂದುಕೊಂಡೆ. ಅಡುಗೆಮನೆಗೆ ಹೋದವಳೇ ಅತ್ತಿಗೆಯ ಮುಂದೆ ಗಟ್ಟಿ ಇಟ್ಟು, "ಇದರ ಪೊರೆ ಬಿಡಿಸು ನೋಡೋಣ" ಅಂದಳು.

ಅತ್ತಿಗೆ ಒಂದೇ ಎಳೆತಕ್ಕೆ ಬಿಡಿಸಿದಳು. ದೊಡ್ಡಮ್ಮ ನೋಡಿದಳು. ಅತ್ತಿಗೆಯ ಮುಖ ಹುಳ್ಳಗಾಯಿತು.

"ನಿಂಗೂ ಇದೇ ಹುಚ್ಚಾ?"

"ನಿಮಗೂ ಅಂತ ನಂಗೆ ನಿಜವಾಗ್ಲೂ ಗೊತ್ತಿರಲಿಲ್ಲ ಅತ್ತೆ. ನಿಮಗೆ ಒಳ್ಳೇದೂ ಆಗುತ್ತೆ, ನಂಗೆ ಗಟ್ಟಿನೂ ಸಿಗುತ್ತೆ ಅಂದ್ಕೊಂಡೆ."

ದೊಡ್ಡಮ್ಮ ಸ್ಟೂಲಿನ ಮೇಲೆ ಕೂತಳು. "ನಾನು ಈ ಮನೆಗೆ ಬಂದಾಗ ಎಲ್ಲರ ಊಟ ಆದ್ಮೇಲೆ ನನ್ನ ಊಟ. ಉಳೀತಿದ್ದದ್ದೇ ಇವು. ಮೊದಲ ವರ್ಷ ಅತ್ಕೊಂಡು ತಿಂದೆ. ಆಮೇಲೆ ಇವನ್ನ ಹೇಗೆ ಬೇಯಿಸಬೇಕು ಅಂತ ಕಲಿತೆ. ಕಲಿತ್ಮೇಲೆ ಬಿಡೋಕೇ ಆಗ್ಲಿಲ್ಲ. ನಿಂಗೇನು ಇಷ್ಟ ಅಂತ ಯಾರೂ ಕೇಳಿಲ್ಲ ಕಣೇ. ಕೇಳಿದ್ರೆ ಹೇಳ್ತಿದ್ದೆ."

ನನಗೆ ನಾಚಿಕೆಯಾಯಿತು. ಎಲ್ಲ ಗೊತ್ತಿದ್ದ ನಾನೂ ಕೇಳಿರಲಿಲ್ಲ.

ಆ ಮಧ್ಯಾಹ್ನ ಗಟ್ಟಿ ಎರಡು ಹೋಳಾಗಿ, ಪಾದ ತಲೆಗೊಂದಾಗಿ ಎರಡು ತಟ್ಟೆ ಸೇರಿದವು. ಇಬ್ಬರೂ ಒಟ್ಟಿಗೇ ನಿಟ್ಟುಸಿರು ಬಿಟ್ಟರು. "ನಮಗೇನು, ಉಳಿದಿದ್ದು ಯಾವುದಾದ್ರೂ ಆಗುತ್ತೆ."

ಒಂದು ನಿಟ್ಟುಸಿರನ್ನು ಮೂವತ್ತೆರಡು ವರ್ಷ ತಡೆದುಕೊಂಡಿದ್ದ ದೊಡ್ಡಪ್ಪನಿಂದ ಎರಡನ್ನು ತಡೆಯಲಾಗಲಿಲ್ಲ. ಎದ್ದು ಬಂದು ತಮ್ಮ ಲೆಗ್ ಪೀಸನ್ನು ಹೆಂಡತಿಯ ತಟ್ಟೆಗೆ ಹಾಕಿದರು. "ತಿನ್ನೇ, ನಾನು ಬಡಿಸ್ತಿರೋದು" ಅಂದರು. ಅವರು ಯಾರಿಗಾದರೂ ಬಡಿಸಿದ್ದನ್ನು ನಾನು ಕಂಡದ್ದು ಅದೇ ಮೊದಲು.

ಅತ್ತಿಗೆ ನಗು ತಡೆಯಲು ನೀರು ಕುಡಿದಳು. ದೊಡ್ಡಮ್ಮ ಮಾತ್ರ ನಗಲಿಲ್ಲ. ಲೆಗ್ ಪೀಸನ್ನು ಸ್ವಲ್ಪ ಹೊತ್ತು ನೋಡಿ, ತಲೆ ಎತ್ತದೆ, ಮೂಳೆ ಬೆಳ್ಳಗಾಗುವವರೆಗೂ ತಿಂದಳು.

"ಹೇಗಿದೆ?" ದೊಡ್ಡಪ್ಪ ಕೇಳಿದರು.

"ಚೆನ್ನಾಗಿದೆ" ಅಂದಳು.

ಆಮೇಲೆ ತನ್ನ ಪಾಲಿನ ಅರ್ಧ ಗಟ್ಟಿಯನ್ನು ಎತ್ತಿ ನನ್ನ ತಟ್ಟೆಗೆ ಹಾಕಿದಳು. "ನಂಗೆ ಹೊಟ್ಟೆ ತುಂಬ್ತು. ನೀನು ತಿನ್ನು."

ಈ ಸಲ ನಿಟ್ಟುಸಿರು ಬಿಡಲಿಲ್ಲ.