ಸೂತಕವಿಲ್ಲದ ಮನೆಯಲ್ಲಿ ರೇಡಿಯೇಷನ್

ಕಾನ್ವೆಂಟಿನಲ್ಲಿ ಬೆಳಗಿನ ಅಸೆಂಬ್ಲಿಗೆ ನಿಂತಾಗ ಸಿಸ್ಟರ್ ಒಬ್ಬರು "ಆರ್ಮ್ಸ್ ಡಿಸ್ಟೆನ್ಸ್, ಗರ್ಲ್ಸ್!" ಎಂದು ಕೂಗುತ್ತಿದ್ದರು. ಮುಂದಿನವಳ ಹೆಗಲಿಗೆ ಕೈಚಾಚಿ ಅಷ್ಟು ದೂರ ನಿಲ್ಲಬೇಕು. ಬಳ್ಳಾರಿಯ ಆ ಬಿಸಿಲಿನಲ್ಲಿ ಅದೊಂದು ಸುಖವೇ ಆಗಿತ್ತು, ಗಾಳಿಯಾಡುತ್ತಿತ್ತು. ಮದುವೆಯಾಗಿ ಈ ಮನೆಗೆ ಬಂದ ಮೇಲೆ ಆ ದೂರ ಮತ್ತೆ ಸಿಕ್ಕಿಲ್ಲ. ಇಲ್ಲಿ ಯಾರಿಗೆ ಜ್ವರ ಬಂದರೂ ಹತ್ತು ಜನ ಬಂದು ಹಾಸಿಗೆಯ ಮೇಲೇ ಕೂತು, ಕೈ ಹಿಡಿದು, ಹಣೆ ಮುಟ್ಟಿ ಮಾತಾಡಿಸಿಕೊಂಡು ಹೋಗಬೇಕು.

ಹೋದ ಬೇಸಿಗೆಯಲ್ಲಿ ನನ್ನ ಥೈರಾಯ್ಡ್ ಲಂಗುಲಗಾಮಿಲ್ಲದೆ ಓಡತೊಡಗಿತು. ಕೈ ನಡುಕ, ಎದೆ ಡವಡವ, ಉಂಡದ್ದು ಮೈಗೆ ಹತ್ತುತ್ತಿರಲಿಲ್ಲ. ದೊಡ್ಡಾಸ್ಪತ್ರೆಯಲ್ಲಿ ರೇಡಿಯೋ ಅಯೋಡಿನ್ ಕೊಟ್ಟರು. ದಪ್ಪ ಸೀಸದ ಡಬ್ಬಿಯೊಳಗಿಂದ ಒಂದು ಸಣ್ಣ ಕ್ಯಾಪ್ಸೂಲ್ ಬಂತು, ನುಂಗಿದೆ, ಅಷ್ಟೇ. ಅದು ಗಂಟಲಿನ ಗ್ರಂಥಿಯಲ್ಲಿ ಕೂತು ಕೆಲಸ ಮುಗಿಸುವತನಕ ನನ್ನ ಮೈಯಿಂದಲೇ ರೇಡಿಯೇಷನ್ ಬರುತ್ತಿರುತ್ತದಂತೆ. ಡಾಕ್ಟರ್ ಹುಡುಗಿ ಬಿಡಿಸಿ ಹೇಳಿದಳು: ನೀರು ಚೆನ್ನಾಗಿ ಕುಡಿಯಿರಿ, ಒಬ್ಬರೇ ಮಲಗಿ, ಟಾಯ್ಲೆಟ್ಟಿಗೆ ಹೋದರೆ ಎರಡೆರಡು ಸಲ ಫ್ಲಶ್ ಮಾಡಿ, ತಟ್ಟೆ ಲೋಟ ಬಟ್ಟೆ ಬೇರೆಯಾಗಿ ತೊಳೆಯಿರಿ. ಎಲ್ಲಕ್ಕಿಂತ ಮುಖ್ಯ, ನಾವು ಸರಿ ಅನ್ನುವವರೆಗೆ ಮಕ್ಕಳನ್ನೂ ಬಸುರಿಯರನ್ನೂ ಹತ್ತಿರ ಬಿಟ್ಟುಕೊಳ್ಳಬೇಡಿ.

"ಮನೆಯಲ್ಲಿ ಯಾರಾದರೂ ಪ್ರೆಗ್ನೆಂಟ್ ಇದ್ದಾರಾ?"

"ಮನೆಯಲ್ಲಿಲ್ಲ, ಸಿರುಗುಪ್ಪದಲ್ಲಿದ್ದಾಳೆ," ಎಂದೆ. ನನ್ನ ಮಗಳ ಮಗಳು, ಚೊಚ್ಚಲ ಬಸುರಿ. ಊರು ಬೇರೆ ಎಂದು ಡಾಕ್ಟರಿಗೆ ಸಮಾಧಾನವಾಯಿತು. ನಮ್ಮ ಬಂಧುಬಳಗದ ಲೆಕ್ಕದಲ್ಲಿ ಸಿರುಗುಪ್ಪ ಎಂದರೆ ಪಕ್ಕದ ಕೋಣೆ ಎಂದು ಪಾಪ ಆಕೆಗೇನು ಗೊತ್ತು!

ಮನೆಗೆ ಬಂದು ಅಂಗಳದ ಕಡೆಯ ಕೋಣೆ ಸೇರಿದೆ. ಅದಕ್ಕೇ ಹೊಂದಿಕೊಂಡು ಬಾತ್‌ರೂಮ್ ಇದೆ. ನಮ್ಮ ಯಜಮಾನರು ಮಾಸ್ಕ್ ಹಾಕಿಕೊಂಡು ಚಹಾ ತಂದರು.

"ಇದು ಕೆಮ್ಮು ನೆಗಡಿ ಅಲ್ರಿ, ಮಾಸ್ಕ್ ಯಾಕ?"

"ಇರ್ಲಿ ಬಿಡು. ಮೊಬೈಲು ಹೊರಗಿಟ್ಟು ಬಂದೀನಿ. ನಿನ್ನ ಕರೆಂಟಿಗೆ ಅದು ಸುಟ್ಟುಗಿಟ್ಟೀತು."

ಇಷ್ಟು ಹೇಳಿ, ಮಾಸ್ಕ್ ಗಲ್ಲಕ್ಕಿಳಿಸಿ, ನನ್ನ ಮಂಚದ ಮೇಲೇ ಆರಾಮಾಗಿ ಕೂತು ತಮ್ಮ ಚಹಾ ಕುಡಿದರು. ನಾನು ಹೇಳಿ ಹೇಳಿ ಎಬ್ಬಿಸಬೇಕಾಯಿತು. ಹೆದರಬೇಕಾದ್ದಕ್ಕೆ ಹೆದರುವುದಿಲ್ಲ, ಬೇಡದ್ದಕ್ಕೆಲ್ಲ ಹೆದರುತ್ತಾರೆ. ಹೋಪ್‌ಲೆಸ್!

ಇವರಾದರೂ ವಾಸಿ. ಕುರುಗೋಡಿನಲ್ಲಿ ಇವರ ತಂಗಿ ಇದ್ದಾಳೆ, ನನ್ನ ನಾದಿನಿ. ಮನೆತನದ ಎಲ್ಲ ಕಾರ್ಯಗಳ ಯಜಮಾನಿಕೆ ಅವಳದೇ. ಮೊಮ್ಮಗಳಿಗೆ ಕುಬಸ ಮಾಡಬೇಕೆಂದು, ಎಂದರೆ ಬಸುರಿಗೆ ಹಸಿರು ಸೀರೆ ಉಡಿಸಿ ಉಡಿ ತುಂಬುವ ಶಾಸ್ತ್ರಕ್ಕೆ, ಅವಳು ಒಳ್ಳೆಯ ದಿನ ನೋಡಿಬಿಟ್ಟಿದ್ದಳು. ನಮ್ಮಲ್ಲಿ ಮೊದಲ ಉಡಿ ಅಜ್ಜಿಯದು. ಫೋನಿನಲ್ಲಿ ಹೇಳಿದೆ: "ಈಗ ಬ್ಯಾಡವ್ವಾ, ಮುಂದ ಹಾಕು. ನಾನು ಆಕೀನ್ನ ಮುಟ್ಟೂಹಂಗಿಲ್ಲ."

"ಏನು ಮಾತಂತ ಆಡ್ತೀರಿ ಅತ್ತಿಗೀ? ಲಿಂಗ ಕಟ್ಟಿದ ಮೈಗಿ ಸೂತಕ ಎಲ್ಲೈತಿ? ಹಡದ ಬಾಣಂತೀನ್ನೇ ದೂರ ಕುಂದ್ರಸದ ಮನಿತನ ನಮ್ದು. ನೀವು ಕಾನ್ವೆಂಟಿನ್ಯಾಗ ಕಲ್ತು ಅದನ್ನೂ ಮರತ್ರೇನು?"

ಅವಳು ಹೇಳಿದ್ದು ಸುಳ್ಳಲ್ಲ. ಮುಟ್ಟು ಮೈಲಿಗೆ ಎಂದು ಯಾರನ್ನೂ ಮೂಲೆಗೆ ತಳ್ಳದ ಮನೆ ಇದು. ಸೊಸೆಯಾಗಿ ಬಂದಾಗ ನಾನೇ ಅದಕ್ಕೆ ಹೆಮ್ಮೆಪಟ್ಟವಳು. ಈಗ ಅದೇ ಒಳ್ಳೆಯತನ ನನ್ನ ಪ್ರಾಣ ತಿನ್ನುತ್ತಿತ್ತು. ಐಸೋಲೇಷನ್, ಹಾಫ್ ಲೈಫ್ ಎಂದೆಲ್ಲ ಒದರಿದೆ. ಆ ಕಡೆಯಿಂದ ಬರೀ "ಹ್ಞೂ, ಹ್ಞೂ" ಎಂದಳು. ಒಪ್ಪಿದಳೆಂದುಕೊಂಡೆ. ನಾನೂ ದಡ್ಡಿಯೇ.

ಒಂದು ಮುಂಜಾನೆ ಅಂಗಳದಲ್ಲಿ ಕಾರು ನಿಂತಿತು. ಕಿಟಕಿಯಿಂದ ನೋಡುತ್ತೇನೆ, ನಾದಿನಿ ಸಿರುಗುಪ್ಪಕ್ಕೇ ಹೋಗಿ ಮೊಮ್ಮಗಳನ್ನು ಹತ್ತಿಸಿಕೊಂಡು ಬಂದಿದ್ದಾಳೆ! ಹಸಿರು ಸೀರೆ, ಕೈತುಂಬ ಬಳೆ, ತುಂಬಿದ ಹೊಟ್ಟೆ. ನೋಡಿದ ಕೂಡಲೇ ನನ್ನ ಕೈಗಳು ತಾವಾಗಿ ಮುಂದಕ್ಕೆ ಬಂದವು. ಆಮೇಲೆ ಓಡಿಹೋಗಿ ಬಾಗಿಲಿನ ಚಿಲಕ ಹಾಕಿಕೊಂಡೆ.

"ಅಜ್ಜೀ!" ಮೊಮ್ಮಗಳು ಬಾಗಿಲು ಬಡಿದಳು. "ನನ್ನ ಮ್ಯಾಲ ಸಿಟ್ಟೇನು?"

"ಸಿಟ್ಟಿಲ್ಲವ್ವಾ, ಬಂಗಾರಾ. ಹಿಂದಕ್ಕ ಸರಿ. ಅಂಗಳಕ್ಕ ಹೋಗು. ಪ್ಲೀಸ್!"

"ಬಾಗಿಲು ತಗೀರಿ ಅತ್ತಿಗೀ," ನಾದಿನಿಯ ದನಿ ಏರಿತು. "ಉಡಿ ತುಂಬಾಕ ಬಂದ ಬಸುರೀನ್ನ ಬಾಗಿಲಾಗ ನಿಂದ್ರಸ್ತಾರೇನು? ಕೇಳಿದವ್ರು ಏನಂದಾರು? ಸ್ನಾನ ಮಾಡಿ ವಿಭೂತಿ ಹಚ್ಚಿಕೊಳ್ರಿ, ಆತು."

ನನಗೆ ರೇಗಿಹೋಯಿತು. ಇವಳಿಗೆ ಫಿಸಿಕ್ಸ್ ಹೇಳಿ ಪ್ರಯೋಜನವಿಲ್ಲ. ಇಡೀ ಕುರುಗೋಡಿಗೆ ರೊಟ್ಟಿ ಬಡಿಯಬಲ್ಲ ಹೆಂಗಸು ಎಂಬುದು ನೆನಪಾಯಿತು.

"ಏನವ್ವಾ, ರೊಟ್ಟಿ ಬಡಿಯೂವಾಗ ಈ ಬಸುರೀನ್ನ ಉರಿಯೋ ಒಲಿ ಬಾಯಾಗ ಕುಂದ್ರಸ್ತೀಯೇನು?"

"ಯಾಕ ಕುಂದ್ರಸ್ಲಿ? ಕಾವು ಬಡೀತೈತಿ."

"ಒಲಿಗೆ ಸೂತಕ ಐತೇನು?"

ಬಾಗಿಲಿಗೆ ಬಾಯಿ ಹಚ್ಚಿ ನಾನೇ ಮುಂದುವರಿಸಿದೆ.

"ಸೂತಕ ಅಂತ ನಾನೆಲ್ಲಿ ಅಂದೆ? ನನ್ನ ಗಂಟಲಾಗ ಈಗ ಒಲಿ ಉರಿಯಾಕತ್ತೈತಿ. ಸ್ನಾನಕ್ಕ ಆರೂದಿಲ್ಲ, ಅದರ ಹೊತ್ತಿಗೆ ಅದು ಆರಬೇಕು. ಹೊಟ್ಟ್ಯಾಗಿನ ಕೂಸಿಗೂ ಎಳೀ ಥೈರಾಯ್ಡ್ ಐತಿ. ಅದಕ್ಕ ಕಾವು ಬಡಿದ್ರ ನೀನು ಜವಾಬ್ದಾರಿ ತಗೋತೀಯಾ?"

ಸ್ವಲ್ಪ ಹೊತ್ತಿಗೆ ನಾದಿನಿಯ ಚಪ್ಪಲಿ ಸದ್ದು. "ಏಯ್ ಬಾರವ್ವಾ, ಇಲ್ಲೇನು ನಿಂತೀ ಒಲಿ ಮುಂದ?" ಎಂದು, ತಾನೇ ಕರೆತಂದವಳಲ್ಲ ಎಂಬಂತೆ ಅವಳನ್ನು ಗದರಿಸಿ ದರದರ ಅಂಗಳದ ಆ ತುದಿಗೆ ಒಯ್ದಳು. ಬೇವಿನ ನೆರಳಲ್ಲಿ ಮಣೆ ಹಾಕಿ ಕೂರಿಸಿ ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಎಲೆ ಅಡಿಕೆ ಉಡಿಗೆ ಹಾಕಿದಳು. ಮೊದಲ ಉಡಿ ಹಾಕುವಾಗ ಮಾತ್ರ ನನ್ನ ಕಿಟಕಿಯತ್ತ ತಿರುಗಿ, "ಇದು ನಿಮ್ದು ಅತ್ತಿಗೀ, ನೋಡ್ಕೊಳ್ರಿ!" ಎಂದು ಕೂಗಿದಳು. ನಾನು ಒಳಗಿನಿಂದ ಕೈ ಎತ್ತಿದೆ. ಮೊಮ್ಮಗಳು ಎದ್ದು ಒಂದು ಮಗ್ಗುಲಾಗಿ ನಿಂತು ಹೊಟ್ಟೆ ತೋರಿಸಿದಳು. ಅಷ್ಟು ದೂರದಿಂದ ಅದರ ದುಂಡಗಿನ ಅಂಚಷ್ಟೇ ಕಂಡಿತು. ಸಿಸ್ಟರ್ ಇದ್ದಿದ್ದರೆ ವೆರಿ ಗುಡ್ ಅನ್ನುತ್ತಿದ್ದರೇನೋ. ನನಗೆ ಮಾತ್ರ ಅಂದು ಊಟ ಸೇರಲಿಲ್ಲ.

ಆಮೇಲೆ ಮಾತಾಡಿಸಲು ಒಬ್ಬರೂ ಬರಲಿಲ್ಲ. ಬಳ್ಳಾರಿ ಅತ್ತಿಗಿ ಒಲೆಯಾಗಿದ್ದಾಳೆ ಎಂದು ನಾದಿನಿ ಕುರುಗೋಡಿನಲ್ಲೂ ಸಿರುಗುಪ್ಪದಲ್ಲೂ ಡಂಗುರ ಹೊಡೆದಿದ್ದಳಂತೆ. ನಾನು ಇಂಗ್ಲಿಷಿನಲ್ಲಿ ಹೇಳಿದ್ದು ಯಾರಿಗೂ ನಾಟಿರಲಿಲ್ಲ. ಅವಳು ಹೇಳಿದ್ದು ನಾಟಿತು. ದಿನಾ ಬೆಳಿಗ್ಗೆ ಫೋನು ಮಾತ್ರ ತಪ್ಪುತ್ತಿರಲಿಲ್ಲ.

"ಅತ್ತಿಗೀ, ಆರಿತೇನ್ರಿ?"

"ಇನ್ನಾ ಇಲ್ಲವ್ವಾ."

"ಲಗೂನ ಆರಿಸ್ಕೊಳ್ರಿ. ಹುಡುಗಿ ಜೀವ ತಿನ್ನಾಕತ್ತೈತಿ ಅಜ್ಜೀ ಅಜ್ಜೀ ಅಂತ."

ನಾನೇ ಊದಿ ಉರಿಸುತ್ತಿದ್ದೇನೆ ಎಂಬಂತೆ!